ಕುರ್ಚಿ ಯೋಗ

ಕುರ್ಚಿ ಯೋಗವೆಂದರೆ ಕುರ್ಚಿಯ ಮೇಲೆ ಕುಳಿತು, ಇಲ್ಲವೇ ಕುರ್ಚಿಯನ್ನು ಆಸರೆಗೆ ಹಿಡಿದು ನಿಂತು ಮಾಡುವ ಆಸನ, ಉಸಿರಾಟ ಮತ್ತು ವಿಶ್ರಾಂತಿಯ ಅಭ್ಯಾಸ. ನೆಲಕ್ಕೆ ಇಳಿದು ಕೂರಲು, ಕೂತಲ್ಲಿಂದ ಏಳಲು ಆಗದ ಹಿರಿಯರು, ಮೊಣಕಾಲು ಸವೆದವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು, ಗಾಲಿಕುರ್ಚಿ ಬಳಸುವವರು ಮುಖ್ಯವಾಗಿ ಇದನ್ನು ಕಲಿಯುತ್ತಾರೆ. ಆಸನಗಳ ಹೆಸರುಗಳೂ ಚಲನೆಯ ದಿಕ್ಕುಗಳೂ ಚಾಪೆಯ ಮೇಲಿನ ಯೋಗದವೇ. ಬದಲಾಗುವುದು ದೇಹದ ಭಾರ ಹೊರುವ ಜಾಗ ಮತ್ತು ಬೀಳುವ ಭಯದ ಪ್ರಮಾಣ. ಅಭ್ಯಾಸ ಫಲಿಸಿತೇ ಎಂದು ತಿಳಿಯಲು ಸರಳವಾದ ಅಳತೆಯೊಂದಿದೆ: ಅಭ್ಯಾಸಿಯು ಕೈಯೂರದೆ ಕುರ್ಚಿಯಿಂದ ಏಳಬಲ್ಲರೇ ಎಂದು ನೋಡುವುದು.

ಈ ಲೇಖನವು ಕುರ್ಚಿ ಯೋಗದ ಕರ್ನಾಟಕ ಮೂಲ, ವಿಧಾನ, ಎಚ್ಚರಿಕೆ ಮತ್ತು ಮಿತಿಗಳನ್ನು ವಿವರಿಸುತ್ತದೆ. ಜೊತೆಗೆ ರಾಯಚೂರು ಜಿಲ್ಲೆಯ ಜವಳಗೇರಾ ಸುತ್ತಿನ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಂಥ ಕೃಷಿಪ್ರದೇಶದಲ್ಲಿ ಅದು ಯಾವ ರೂಪ ತಾಳಬೇಕಾಗುತ್ತದೆ ಎಂಬುದನ್ನೂ ಪರಿಶೀಲಿಸುತ್ತದೆ.

ಹಿನ್ನೆಲೆ

ಆಸನವು ಸ್ಥಿರವೂ ಸುಖಕರವೂ ಆಗಿರಬೇಕೆಂಬುದು ಪತಂಜಲಿಯ ಯೋಗಸೂತ್ರದ ನಿಲುವು. ಅದು ನೆಲದ ಮೇಲೆಯೇ ನಡೆಯಬೇಕೆಂಬ ಕಟ್ಟುಪಾಡು ಅಲ್ಲಿಲ್ಲ. ಆದರೂ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಯೋಗದ ಪ್ರದರ್ಶನಗಳು ಹೆಚ್ಚಾಗಿ ಹುರಿಗಟ್ಟಿದ ತರುಣರ ಮೈಯ ಮೇಲೆಯೇ ನಡೆದವು. ಮೈಸೂರು ಇದರ ದೊಡ್ಡ ಕೇಂದ್ರವಾಗಿತ್ತು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದರು. ಅವರ ‘ಯೋಗ ಮಕರಂದ’ (1934) ಮತ್ತು ‘ಯೋಗಾಸನಗಳು’ (1941) ಕನ್ನಡದಲ್ಲೇ ಮೊದಲು ಅಚ್ಚಾದವು. ಅರಮನೆಯ ಹುಡುಗರಿಗೆ ಬಿರುಸಿನ ಆಸನಗಳನ್ನು ಕಲಿಸಿದ ಇದೇ ಗುರು ನಂತರ ಚೆನ್ನೈಯಲ್ಲಿ ನೆಲೆಸಿ, ವಯಸ್ಸು, ಕಾಯಿಲೆ, ಉದ್ಯೋಗಗಳಿಗೆ ತಕ್ಕಂತೆ ಒಬ್ಬೊಬ್ಬರಿಗೂ ಬೇರೆ ಬೇರೆ ಅಭ್ಯಾಸ ಹೇಳಿಕೊಡುವ ಪದ್ಧತಿಗೆ ಒತ್ತು ಕೊಟ್ಟರು. 1938ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರ ಮಗ ಟಿ.ಕೆ.ವಿ. ದೇಶಿಕಾಚಾರ್ 1976ರಲ್ಲಿ ಚೆನ್ನೈಯಲ್ಲಿ ಸ್ಥಾಪಿಸಿದ ಕೃಷ್ಣಮಾಚಾರ್ಯ ಯೋಗಮಂದಿರಂ ಆ ದಾರಿಯನ್ನು ಮುಂದುವರಿಸಿತು.

ಕುರ್ಚಿಯನ್ನೇ ಯೋಗದ ಸಲಕರಣೆಯಾಗಿ ಬೆಳೆಸಿದವರು ಕೃಷ್ಣಮಾಚಾರ್ಯರ ಮೈದುನರೂ ಶಿಷ್ಯರೂ ಆದ ಬಿ.ಕೆ.ಎಸ್. ಅಯ್ಯಂಗಾರ್ (1918–2014). ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, ಇನ್‌ಫ್ಲುಯೆಂಜಾ ಜ್ವರ ಜಗತ್ತನ್ನೇ ನಡುಗಿಸಿದ ವರ್ಷ ಹುಟ್ಟಿದ ಅವರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ಬಳಲಿದ್ದರು. 1934ರಲ್ಲಿ ಮೈಸೂರಿಗೆ ಬಂದರು. ಯೋಗ ಕಲಿಸಲು 1937ರಲ್ಲಿ ಪುಣೆಗೆ ಹೋದವರು ಅಲ್ಲೇ ನೆಲೆ ನಿಂತರು. ರೋಗಿಗಳೂ ಹಿರಿಯರೂ ಬರತೊಡಗಿದಾಗ ಹಗ್ಗ, ಬೆಲ್ಟು, ಮರದ ಇಟ್ಟಿಗೆ, ಲೋಡು, ಕಂಬಳಿಗಳ ಜೊತೆಗೆ ಮಡಚುವ ಕಬ್ಬಿಣದ ಕುರ್ಚಿಯನ್ನೂ ಬಳಸಿದರು. ಕುರ್ಚಿಯ ಬೆನ್ನಿನ ತಗಡು ತೆಗೆದು, ಆ ತೆರಪಿನಲ್ಲಿ ಕಾಲು ತೂರಿಸಿ ಕುಳಿತು, ಬೆನ್ನನ್ನು ಹಿಂದಕ್ಕೆ ಬಾಗಿಸುವ ವಿಪರೀತ ದಂಡಾಸನ, ಕುರ್ಚಿಯ ಆಸರೆಯ ಸರ್ವಾಂಗಾಸನ, ಅಡ್ಡ ಕುಳಿತು ಮೈ ತಿರುಗಿಸುವ ಭರದ್ವಾಜಾಸನ ಇವು ಅವರ ಶಾಲೆಯ ಗುರುತುಗಳೇ ಆದವು. ಎಂಬತ್ತರ ಪ್ರಾಯದ ಬೆಲ್ಜಿಯಂ ರಾಜಮಾತೆ ಎಲಿಜಬೆತ್ ಅವರಿಗೂ ಅಯ್ಯಂಗಾರ್ ಯೋಗ ಕಲಿಸಿದ್ದರು. 1975ರಲ್ಲಿ ಪುಣೆಯಲ್ಲಿ ತೆರೆದ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆಯಿಂದ ಈ ಸಲಕರಣೆಗಳ ಬಳಕೆ ಹೊರದೇಶಗಳಿಗೂ ಹರಡಿತು.

ಅಯ್ಯಂಗಾರರ ಕುರ್ಚಿ ಬಳಕೆಯಲ್ಲಿ ಕಠಿಣ ಭಂಗಿಗಳೂ ಇವೆ. ಕುಳಿತಲ್ಲಿಯೇ ಮೃದುವಾಗಿ ಮಾಡುವ ಈಗಿನ ಕುರ್ಚಿ ಯೋಗ ಬೇರೊಂದು ಕವಲು. ಸಂಧಿವಾತದಿಂದ ನೆಲಕ್ಕೆ ಕೂರಲಾಗದ ವಿದ್ಯಾರ್ಥಿಯೊಬ್ಬರಿಗಾಗಿ ಅಮೆರಿಕದ ಶಿಕ್ಷಕಿ ಲಕ್ಷ್ಮೀ ವೋಲ್ಕರ್ 1982ರಲ್ಲಿ ರೂಪಿಸಿದ ಪಾಠಕ್ರಮ ಅದಕ್ಕೆ ಪ್ರತ್ಯೇಕ ಹೆಸರು ತಂದಿತು. ಭಾರತದಲ್ಲಿ ಕೀಲುಗಳನ್ನು ಒಂದೊಂದಾಗಿ ಸಡಿಲಿಸುವ ಸೂಕ್ಷ್ಮ ವ್ಯಾಯಾಮ ಮತ್ತು ಶಿಥಿಲೀಕರಣ ವ್ಯಾಯಾಮಗಳು ಇದರ ತಳಹದಿಯಾದವು.

ಕುರ್ಚಿಯ ಆಯ್ಕೆ

ಅಭ್ಯಾಸದ ಅರ್ಧ ಸುರಕ್ಷತೆ ಕುರ್ಚಿಯಲ್ಲೇ ಇದೆ. ಗಟ್ಟಿ ಆಸನದ, ನೇರ ಬೆನ್ನಿನ, ಗಾಲಿಯಿಲ್ಲದ ಕುರ್ಚಿ ಬೇಕು. ಕುಳಿತಾಗ ಎರಡೂ ಪಾದ ಪೂರ್ತಿ ನೆಲ ಮುಟ್ಟಬೇಕು. ಮೊಣಕಾಲು ಸೊಂಟದ ಮಟ್ಟಕ್ಕಿಂತ ಮೇಲೇರಬಾರದು. ಸಾಮಾನ್ಯವಾಗಿ 43ರಿಂದ 45 ಸೆಂಟಿಮೀಟರ್ ಎತ್ತರದ ಆಸನ ಹೆಚ್ಚಿನವರಿಗೆ ಹೊಂದುತ್ತದೆ. ಗಿಡ್ಡ ಮೈಕಟ್ಟಿನವರ ಪಾದದಡಿ ಮರದ ಹಲಗೆ ಅಥವಾ ಮಣೆ ಇಡುವುದುಂಟು. ಎತ್ತರದವರು ಆಸನದ ಮೇಲೆ ಮಡಚಿದ ಕೌದಿ ಹಾಸಿಕೊಳ್ಳಬಹುದು.

ಹಳ್ಳಿಯ ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಫೈಬರ್ ಕುರ್ಚಿ. ಹಗುರವಾದ್ದರಿಂದ ಅದು ಭಾರ ಒಂದು ಬದಿಗೆ ಬಿದ್ದೊಡನೆ ಜಾರುತ್ತದೆ, ಹಳೆಯದಾದರೆ ಕಾಲು ಅಗಲಿ ಸೀಳುತ್ತದೆ. ಕಲ್ಯಾಣ ಕರ್ನಾಟಕದ ಮನೆಗಳ ನುಣುಪಾದ ಶಹಾಬಾದ್ ಕಲ್ಲಿನ ಹಾಸಿನ ಮೇಲಂತೂ ಈ ಅಪಾಯ ಹೆಚ್ಚು. ಬಿರುಕಿಲ್ಲದ ಕುರ್ಚಿಯನ್ನು ಆರಿಸಿ, ಅದರ ಬೆನ್ನನ್ನು ಗೋಡೆಗೆ ತಾಗಿಸಿ, ಕಾಲಡಿ ಒರಟು ಗೋಣಿತಾಟು ಹಾಸುವುದು ಸುಲಭ ಪರಿಹಾರ. ಹೊರಸು ಮತ್ತು ಮೆತ್ತನೆಯ ಸೋಫಾ ತಗ್ಗುವುದರಿಂದ ಈ ಅಭ್ಯಾಸಕ್ಕೆ ಹೊಂದುವುದಿಲ್ಲ. ಮನೆಯ ಮುಂದಿನ ಕಟ್ಟೆಯ ಎತ್ತರ ಸರಿಯಿದ್ದರೆ ಕುಳಿತು ಮಾಡುವ ಚಲನೆಗಳಿಗೆ ಅದೂ ಆದೀತು. ಗಾಲಿಕುರ್ಚಿಯಾದರೆ ಎರಡೂ ಬ್ರೇಕು ಹಾಕಿ, ಪಾದದ ತಟ್ಟೆಗಳನ್ನು ಮಡಚಿ ಅಭ್ಯಾಸ ಆರಂಭಿಸಬೇಕು. ಸೀರೆಯ ನೆರಿಗೆ, ಧೋತರದ ಅಂಚು ಪಾದಕ್ಕೆ ಸಿಕ್ಕಿಕೊಳ್ಳದಂತೆ ಮೇಲೆ ಸಿಕ್ಕಿಸಿಕೊಳ್ಳುವುದೂ ಅಷ್ಟೇ ಮುಖ್ಯ.

ಅಭ್ಯಾಸಕ್ರಮ

ಹೊಸಬರಿಗೆ ದಿನಕ್ಕೆ 15ರಿಂದ 20 ನಿಮಿಷ ಸಾಕು. ಹೊಟ್ಟೆ ತುಂಬ ಉಂಡ ಮೇಲೆ ಎರಡು ಮೂರು ಗಂಟೆ ಬಿಡಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಬರಿ ಹೊಟ್ಟೆಯಲ್ಲಿ ಮಾಡದೆ ಹಗುರ ತಿಂಡಿ ತಿಂದಿರಬೇಕು.

ಕೂರುವ ರೀತಿ: ಬೆನ್ನನ್ನು ಕುರ್ಚಿಗೆ ಆನಿಸದೆ ಆಸನದ ಮುಂದಿನ ಅರ್ಧಕ್ಕೆ ಸರಿದು ಕೂರುವುದು. ಪಾದಗಳು ಸೊಂಟದಷ್ಟು ಅಗಲ, ಅಂಗೈ ತೊಡೆಯ ಮೇಲೆ, ಭುಜ ಸಡಿಲ. ಇದನ್ನು ಕುಳಿತ ತಾಡಾಸನ ಎನ್ನುತ್ತಾರೆ. ಬೆನ್ನು ಬಲಹೀನವಾಗಿದ್ದರೆ ದಿಂಬಿನ ಆಸರೆ ಪಡೆಯಬಹುದು.

ಕೀಲುಗಳ ಸಡಿಲಿಕೆ: ಪಾದದ ಬೆರಳಿನಿಂದ ಶುರುಮಾಡಿ ಮೇಲಕ್ಕೆ ಬರುವುದು ವಾಡಿಕೆ. ಹಿಮ್ಮಡಿ ಊರಿ ಮುಂಗಾಲು ಎತ್ತುವುದು, ಮುಂಗಾಲು ಊರಿ ಹಿಮ್ಮಡಿ ಎತ್ತುವುದು, ಪಾದವನ್ನು ಗಿರಕಿ ಹೊಡೆಸುವುದು. ಇದರಿಂದ ಮೀನಖಂಡದ ಸ್ನಾಯು ಕುಗ್ಗಿ ಹಿಗ್ಗಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಬಹಳ ಹೊತ್ತು ಕುಳಿತು ಬಂದ ಪಾದದ ಬಾವು ತಗ್ಗಲು ನೆರವಾಗುತ್ತದೆ. ನಂತರ ಒಂದೊಂದೇ ಮೊಣಕಾಲು ನೀಡಿ, ತೊಡೆಯ ಮುಂಭಾಗ ಬಿಗಿಹಿಡಿದು, ಐದು ಎಣಿಸಿ ಇಳಿಸುವುದು. ಮೊಣಕಾಲು ಸವೆತದವರಿಗೆ ಇದು ಬಹುಮುಖ್ಯ ಅಭ್ಯಾಸ. ಕೀಲಿಗೆ ಮೈಭಾರ ಬೀಳದೆಯೇ ಅದನ್ನು ಹಿಡಿದಿಡುವ ಸ್ನಾಯು ಬಲಗೊಳ್ಳುತ್ತದೆ. ಕೊನೆಗೆ ಮುಷ್ಟಿ, ಮಣಿಕಟ್ಟು, ಭುಜ, ಕುತ್ತಿಗೆ. ಕುತ್ತಿಗೆಯನ್ನು ಬಲಕ್ಕೆ, ಎಡಕ್ಕೆ, ಕೆಳಕ್ಕೆ ನಿಧಾನವಾಗಿ ಒಯ್ಯಬೇಕು. ಪೂರ್ತಿ ವೃತ್ತ ತಿರುಗಿಸುವುದು, ತಲೆಯನ್ನು ಹಿಂದಕ್ಕೆ ಜೋತುಬಿಡುವುದು ಹಿರಿಯರಿಗೆ ಬೇಡ.

ಬೆನ್ನಿನ ಆಸನಗಳು: ಉಸಿರು ತೆಗೆದುಕೊಳ್ಳುತ್ತ ಎದೆ ಮುಂದೆ ತಂದು, ಬಿಡುತ್ತ ಬೆನ್ನು ಗುಂಡಗೆ ಮಾಡುವುದು ಕುಳಿತ ಮಾರ್ಜಾಲಾಸನ. ಒಂದು ಕೈ ಮೇಲೆತ್ತಿ, ಇನ್ನೊಂದು ಕೈಯಿಂದ ಕುರ್ಚಿ ಹಿಡಿದು ಪಕ್ಕಕ್ಕೆ ಬಾಗುವುದು ಪಾರ್ಶ್ವ ಚಲನೆ. ಬಲಗೈಯಿಂದ ಕುರ್ಚಿಯ ಬೆನ್ನು, ಎಡಗೈಯಿಂದ ಬಲ ಮೊಣಕಾಲು ಹಿಡಿದು ಎದೆಯನ್ನು ತುಸುವೇ ತಿರುಗಿಸುವುದು ಭರದ್ವಾಜಾಸನದ ಮೃದು ರೂಪ. ಕೈಯ ಬಲದಿಂದ ಜಗ್ಗಬಾರದು.

ಎದ್ದು ಕೂರುವುದು: ಮುಂದಕ್ಕೆ ಸರಿದು, ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದೆ ಎಳೆದು, ಎದೆಯನ್ನು ಮುಂದಕ್ಕೆ ಬಾಗಿಸಿ, ಪಾದ ಒತ್ತಿ ಏಳುವುದು. ನಿಂತು ಎರಡು ಉಸಿರಾಡುವಷ್ಟು ಹೊತ್ತು ತಾಳಿ, ಕಾಲ ಹಿಂಬದಿಗೆ ಕುರ್ಚಿ ತಾಗಿದ್ದು ಗೊತ್ತಾದ ಮೇಲೆ ನಿಧಾನವಾಗಿ ಕೂರುವುದು. ಹೆಚ್ಚಿನ ಹಿರಿಯರು ಏಳುವಾಗ ಪಾದ ಮುಂದೆ ಚಾಚಿ, ಬೆನ್ನು ಹಿಂದಿಟ್ಟು, ಕೈಯಿಂದ ತಳ್ಳಿಕೊಂಡು ಏಳಲು ನೋಡುತ್ತಾರೆ. ಮೈಭಾರ ಪಾದದ ಮೇಲೆ ಬರುವುದೇ ಇಲ್ಲವಾದ್ದರಿಂದ ಮತ್ತೆ ಕುಸಿಯುತ್ತಾರೆ. ಪಾದದ ಜಾಗವೊಂದನ್ನು ತಿದ್ದಿದರೆ ಅದೇ ದಿನ ಸುಲಭವಾಗಿ ಎದ್ದು ನಿಲ್ಲುವವರಿದ್ದಾರೆ. ಇಳಿಯುವಾಗ ‘ದಪ್ಪ’ನೆ ಕೂರದೆ ತಡೆದು ಕೂರುವುದರಲ್ಲೇ ತೊಡೆಯ ಸ್ನಾಯುವಿಗೆ ಹೆಚ್ಚು ಕೆಲಸ.

ಇದೇ ಚಲನೆ ವೈದ್ಯಕೀಯದಲ್ಲಿ ಪರೀಕ್ಷೆಯಾಗಿಯೂ ಬಳಕೆಯಲ್ಲಿದೆ. ಕೈಗಳನ್ನು ಎದೆಯ ಮೇಲೆ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಬಾರಿ ಪೂರ್ತಿ ಏಳಬಲ್ಲರೆಂದು ಎಣಿಸುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿಯಂತೆ 70ರಿಂದ 74 ವಯಸ್ಸಿನ ಗಂಡಸರಲ್ಲಿ 12ಕ್ಕಿಂತ, ಹೆಂಗಸರಲ್ಲಿ 10ಕ್ಕಿಂತ ಕಡಿಮೆ ಬಂದರೆ ಅದು ಬೀಳುವ ಅಪಾಯದ ಸೂಚನೆ.

ನಿಂತು ಮಾಡುವವು: ಕುರ್ಚಿಯ ಹಿಂದೆ ನಿಂತು, ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು, ಒಂದು ಕಾಲನ್ನು ಪಕ್ಕಕ್ಕೆ ಚಾಚುವುದು, ಕಾಲ್ಬೆರಳ ತುದಿ ನೆಲದಲ್ಲೇ ಇಟ್ಟು ವೃಕ್ಷಾಸನ ಮಾಡುವುದು. ಈ ಹೊತ್ತಿಗೆ ಕುರ್ಚಿಯ ಆಸನದ ಅಂಚು ಗೋಡೆಗೆ ತಾಗಿರಬೇಕು, ಪಕ್ಕದಲ್ಲಿ ಒಬ್ಬರು ಇರಬೇಕು.

ಉಸಿರಾಟ ಮತ್ತು ವಿಶ್ರಾಂತಿ: ಹೊಟ್ಟೆ ಉಬ್ಬಿ ಇಳಿಯುವ ಆಳ ಉಸಿರಾಟ, ಮೂಗಿನ ಹೊಳ್ಳೆ ಬದಲಿಸುತ್ತ ಉಸಿರಾಡುವ ನಾಡಿಶುದ್ಧಿ, ದುಂಬಿಯಂತೆ ಝೇಂಕರಿಸುವ ಭ್ರಾಮರಿ ಸಾಕು. ಉಸಿರು ಬಿಗಿಹಿಡಿಯುವ ಕುಂಭಕ, ವೇಗದ ಕಪಾಲಭಾತಿ, ಭಸ್ತ್ರಿಕಗಳನ್ನು ರಕ್ತದೊತ್ತಡ ಮತ್ತು ಹೃದಯದ ತೊಂದರೆಯವರು ಮಾಡಬಾರದು. ಕೊನೆಗೆ ಬೆನ್ನನ್ನು ಕುರ್ಚಿಗೆ ಆನಿಸಿ, ಕಣ್ಣು ಮುಚ್ಚಿ ಮೂರರಿಂದ ಐದು ನಿಮಿಷ ವಿಶ್ರಮಿಸುತ್ತಾರೆ.

ಎಚ್ಚರಿಕೆಗಳು

ಮೂಳೆ ಸವೆತ ಇರುವವರು ಬೆನ್ನು ಗುಂಡಗೆ ಮಾಡಿ ಮುಂದಕ್ಕೆ ಬಾಗುವುದು, ಜೋರಾಗಿ ಮೈ ತಿರುಗಿಸುವುದು ಅಪಾಯಕರ. ಬೆನ್ನೆಲುಬಿನ ಮಣಿ ಒತ್ತಿ ಮುರಿಯಬಹುದು. ಅಂಥವರು ಮಾರ್ಜಾಲಾಸನದಲ್ಲಿ ಎದೆ ತೆರೆಯುವ ಭಾಗ ಮಾತ್ರ ಮಾಡುವುದು ಒಳ್ಳೆಯದು. ಸೊಂಟದ ಕೀಲು ಬದಲಿಸಿಕೊಂಡವರು ಶಸ್ತ್ರಚಿಕಿತ್ಸಕರು ಒಪ್ಪುವವರೆಗೆ ತಗ್ಗಿನ ಆಸನದಲ್ಲಿ ಕೂರುವುದು, ಕಾಲ ಮೇಲೆ ಕಾಲು ಹಾಕುವುದು ಬಿಡಬೇಕು. ಗ್ಲಾಕೋಮಾ ಇರುವವರು, ಹೊಸದಾಗಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದವರು ತಲೆಯನ್ನು ಸೊಂಟಕ್ಕಿಂತ ಕೆಳಗೆ ಇಳಿಸಬಾರದು. ಪಾರ್ಶ್ವವಾಯುವಿನಿಂದ ಸೋತ ಕೈಯನ್ನು ಇನ್ನೊಬ್ಬರು ಹಿಡಿದು ಎಳೆದರೆ ಭುಜದ ಕೀಲು ಸರಿಯುವ ಸಂಭವವಿದೆ. ಆ ಕೈಯನ್ನು ಸ್ವಂತ ಒಳ್ಳೆಯ ಕೈಯಿಂದಲೇ ಆನಿಸಿ ಎತ್ತಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಬರಿಗಾಲಿನಲ್ಲಿ ನಿಂತು ಮಾಡದೆ ಜಾರದ ಚಪ್ಪಲಿ ಹಾಕಿಕೊಳ್ಳಬೇಕು.

ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಹಲವರಿಗೆ ಎದ್ದೊಡನೆ ಕಣ್ಣು ಕತ್ತಲೆ ಬರುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಒತ್ತಡ 20 ಅಥವಾ ಕೆಳಗಿನದು 10 ಅಂಕ ಇಳಿದರೆ ಅದು ವೈದ್ಯರಿಗೆ ಹೇಳಬೇಕಾದ ವಿಷಯ. ಏಳುವ ಮೊದಲು ಪಾದ ಆಡಿಸುವುದು, ಎದ್ದು ಕುರ್ಚಿ ಹಿಡಿದು ನಿಲ್ಲುವುದು ಈ ಕಾರಣಕ್ಕೇ. ಎದೆನೋವು, ಉಸಿರು ಕಟ್ಟುವುದು, ಮಾತು ತೊದಲುವುದು, ಮುಖ ಒಂದು ಕಡೆ ಜೋಲುವುದು ಕಂಡರೆ ಅಭ್ಯಾಸ ನಿಲ್ಲಿಸಿ 108ಕ್ಕೆ ಕರೆಮಾಡಬೇಕು. ಸ್ನಾಯು ಜಗ್ಗಿದ ಅನುಭವ ಸಹಜ. ಕೀಲಿನೊಳಗೆ ಚುಚ್ಚುವ ನೋವು, ಅಥವಾ ಮರುದಿನವೂ ಉಳಿಯುವ ಬಾವು ಬಂದರೆ ಮಿತಿ ಮೀರಿದೆ ಎಂದೇ ತಿಳಿಯಬೇಕು.

ಅಧ್ಯಯನಗಳು

ಕುರ್ಚಿ ಯೋಗವನ್ನೇ ನೇರವಾಗಿ ಪರೀಕ್ಷಿಸಿದ ಹೆಸರಾಂತ ಅಧ್ಯಯನ ಅಮೆರಿಕದ ಫ್ಲಾರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದ್ದು (2017). ಕಾಲಿನ ಕೀಲು ಸವೆತವಿದ್ದ 131 ಹಿರಿಯರಲ್ಲಿ ಒಂದು ಗುಂಪು ವಾರಕ್ಕೆರಡು ಬಾರಿ 45 ನಿಮಿಷದಂತೆ ಎಂಟು ವಾರ ಕುರ್ಚಿ ಯೋಗ ಮಾಡಿತು, ಇನ್ನೊಂದು ಆರೋಗ್ಯದ ಪಾಠ ಕೇಳಿತು. ದಿನದ ಕೆಲಸಗಳಿಗೆ ನೋವಿನಿಂದಾಗುವ ಅಡ್ಡಿ ಯೋಗದ ಗುಂಪಿನಲ್ಲಿ ಹೆಚ್ಚು ಇಳಿಯಿತು.

ಕರ್ನಾಟಕದ ಅಧ್ಯಯನಗಳು ಹಿರಿಯರ ಯೋಗವನ್ನು ಒಟ್ಟಾರೆಯಾಗಿ ನೋಡಿವೆ. ಬೆಂಗಳೂರಿನ ನಿಮ್ಹಾನ್ಸ್ ತಂಡ ನಗರದ ವೃದ್ಧಾಶ್ರಮಗಳ 120 ನಿವಾಸಿಗಳ ಮೇಲೆ ಆರು ತಿಂಗಳು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿದ್ರೆ ಮತ್ತು ಜೀವನದ ಗುಣಮಟ್ಟ ಎರಡೂ ಸುಧಾರಿಸಿದವು. ಆನೇಕಲ್ ತಾಲ್ಲೂಕಿನ ಜಿಗಣಿ ಬಳಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ಬೆಂಗಳೂರಿನಲ್ಲಿ ಮೊಣಕಾಲು ಸವೆತದ 250 ರೋಗಿಗಳಲ್ಲಿ ಒಂದು ಗುಂಪಿಗೆ ಭೌತಚಿಕಿತ್ಸೆಯ ಜೊತೆಗೆ ಯೋಗ ಸೇರಿಸಿ ನೋಡಿದರು. ಸಾಮಾನ್ಯ ವ್ಯಾಯಾಮದ ಗುಂಪಿಗಿಂತ ಯೋಗದ ಗುಂಪಿನಲ್ಲಿ ನೋವು, ಬೆಳಗಿನ ಬಿಗಿತ, ಆತಂಕ ಹೆಚ್ಚು ಇಳಿದವೆಂದು 2012ರಲ್ಲಿ ವರದಿ ಮಾಡಿದರು.

ಬೀಳುವುದನ್ನು ತಡೆಯುವ ವಿಷಯದಲ್ಲಿ ತುಸು ಬಿಗಿಯಾಗಿ ಯೋಚಿಸಬೇಕು. ವ್ಯಾಯಾಮವು ಹಿರಿಯರ ಬೀಳುವಿಕೆಯನ್ನು ಸುಮಾರು ಶೇಕಡಾ 23ರಷ್ಟು ತಗ್ಗಿಸುತ್ತದೆಂದು 2019ರ ಕಾಕ್ರನ್ ಪರಾಮರ್ಶೆ ಕಂಡುಕೊಂಡಿತು. ಆದರೆ ಆ ಫಲಕ್ಕೆ ಬಲವಾದ ಆಧಾರ ಸಿಕ್ಕಿದ್ದು ನಿಂತು ಮಾಡುವ ಸಮತೋಲನದ ಮತ್ತು ದಿನಬಳಕೆಯ ಚಲನೆಗಳ ವ್ಯಾಯಾಮಗಳಿಗೆ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತದೆ. ಕುಳಿತಲ್ಲೇ ಉಳಿಯುವ ಕುರ್ಚಿ ಯೋಗದಿಂದ ಇದು ಪೂರ್ತಿ ಸಾಧ್ಯವಿಲ್ಲ.

ಜವಳಗೇರಾ ಪ್ರದೇಶದಲ್ಲಿ

ಜವಳಗೇರಾ ಸಿಂಧನೂರು ತಾಲ್ಲೂಕಿನ ಊರು. ಕೇಂದ್ರ ಸರ್ಕಾರದ ಬೀಜೋತ್ಪಾದನಾ ಫಾರಂನಿಂದ ಹೆಸರಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಸೀಮೆ ಭತ್ತದ ಕಣಜವಾಯಿತು. ನೀರಾವರಿ ಸಾಲದ ಮಸ್ಕಿ, ಲಿಂಗಸುಗೂರು ಕಡೆ ಜೋಳ, ತೊಗರಿ, ಹತ್ತಿಯ ಒಣಬೇಸಾಯ ಇದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಈ ದುಡಿಮೆಯ ಗುರುತು ಮೈಮೇಲೆ ಉಳಿಯುತ್ತದೆ. ನಾಟಿ ಹಚ್ಚುವ ಹೆಂಗಸರು ಕೆಸರಿನಲ್ಲಿ ಟೊಂಕ ಬಗ್ಗಿಸಿ ದಿನವಿಡೀ ಹಿಂದಕ್ಕೆ ಸರಿಯುತ್ತಾರೆ. ಹತ್ತಿ ಬಿಡಿಸುವವರು, ಕಳೆ ತೆಗೆಯುವವರು ತಾಸುಗಟ್ಟಲೆ ಕುಕ್ಕರಗಾಲಿನಲ್ಲಿ ಇರುತ್ತಾರೆ. ಗಣಿಯಲ್ಲಿ ದುಡಿದು ಬಂದವರಲ್ಲಿ ಉಬ್ಬಸ ಇದ್ದರೆ ಕೈ ಮೇಲೆತ್ತುವ ಆಸನಗಳಿಗೆ ಮೊದಲು ಉಸಿರಾಟದ ತಪಾಸಣೆ ಅಗತ್ಯ.

ಫ್ಲೋರೈಡ್ ಇಲ್ಲಿನ ಇನ್ನೊಂದು ಸಂಗತಿ. ರಾಯಚೂರು ಜಿಲ್ಲೆಯ ಹಲವು ಊರುಗಳ ಕೊಳವೆಬಾವಿಗಳಲ್ಲಿ ಅದರ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುತ್ತದೆ. ವರ್ಷಾನುಗಟ್ಟಲೆ ಆ ನೀರು ಕುಡಿದವರಲ್ಲಿ ಬೆನ್ನೆಲುಬು ಮತ್ತು ಕೀಲಿನ ಕಟ್ಟುಗಳು ಗಡುಸಾಗಿ ಮೈ ಬಾಗುವುದೇ ಕಷ್ಟವಾಗುತ್ತದೆ. ಇಂಥ ಬಿಗಿತ ಯೋಗದಿಂದ ಕರಗುವುದಿಲ್ಲ. ಬಲವಂತದಿಂದ ಬಾಗಿಸಲು ಹೋದರೆ ನೋವು ಹೆಚ್ಚುತ್ತದೆ, ಬೆನ್ನುಹುರಿಯ ಮೇಲೆ ಒತ್ತಡ ಬಿದ್ದವರಿಗೆ ಹಾನಿಯೂ ಆಗಬಹುದು. ಮೊದಲು ನೀರು ಬದಲಾಗಬೇಕು, ವೈದ್ಯರ ತಪಾಸಣೆ ಆಗಬೇಕು. ಉಳಿದಿರುವ ಚಲನೆಯನ್ನು ಕಾಪಾಡುವ ಮಟ್ಟಿಗೆ ಕುರ್ಚಿ ಯೋಗ ಉಪಯೋಗಕ್ಕೆ ಬರುತ್ತದೆ.

ಈ ಸೀಮೆಯಲ್ಲಿ ಊಟ, ರೊಟ್ಟಿ ತಟ್ಟುವುದು, ಪೂಜೆ, ನಮಾಜು, ಶೌಚ, ಹರಟೆ ಎಲ್ಲವೂ ನೆಲದ ಮಟ್ಟದಲ್ಲಿ ನಡೆದುಬಂದವು. ಮೊಣಕಾಲು ಸೋತೊಡನೆ ಹಿರಿಯರು ಇವೆಲ್ಲದರಿಂದ ಒಟ್ಟಿಗೇ ದೂರ ಉಳಿಯುತ್ತಾರೆ. ಪುರಾಣ ಪ್ರವಚನಗಳಲ್ಲಿ ಹಿಂದಿನ ಸಾಲಿಗೆ ಕುರ್ಚಿ ಹಾಕುವುದು, ಮಸೀದಿಗಳಲ್ಲಿ ಹಿರಿಯರು ಕುರ್ಚಿಯ ಮೇಲೆ ಕುಳಿತು ನಮಾಜು ಮಾಡುವುದು ಈಗ ರೂಢಿಯಾಗಿರುವುದರಿಂದ ‘ಕುರ್ಚಿ ಮ್ಯಾಲ ಕುಂತು ಮಾಡೋದು ಎಂಥಾ ಯೋಗ’ ಎಂಬ ಅಳುಕು ಮುರಿಯುವುದು ಸುಲಭ. ಕಲಿಸುವ ಮಾತೂ ಇಲ್ಲಿಯದೇ ಆಗಿರಬೇಕು. ‘ಬೆನ್ನುಹುರಿಯನ್ನು ದೀರ್ಘಗೊಳಿಸಿ’ ಎಂದರೆ ಯಾರೂ ಕದಲುವುದಿಲ್ಲ. ‘ಮುತ್ಯಾ, ಟೊಂಕ ನೆಟ್ಟಗ ಮಾಡ್ರಿ, ಕಾಲು ಹಿಂದಕ ಜಗ್ರಿ, ಈಗ ಏಳ್ರಿ’ ಎಂದರೆ ಒಡನೆ ಏಳುತ್ತಾರೆ.

ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಹೊತ್ತು ಏರುವ ಮುನ್ನವೇ ಅಭ್ಯಾಸ ಮುಗಿಸಬೇಕು. ನಾಟಿ ಮತ್ತು ಸುಗ್ಗಿಯ ದಿನಗಳಲ್ಲಿ ಮನೆಮಂದಿ ಹೊಲಕ್ಕೆ ಹೋಗುವುದರಿಂದ, ಒಂಟಿಯಾಗಿ ಉಳಿಯುವ ಹಿರಿಯರು ಕುಳಿತು ಮಾಡುವ ಭಾಗಕ್ಕಷ್ಟೇ ನಿಲ್ಲುವುದು ಕ್ಷೇಮ.

ಸೌಲಭ್ಯ ಮತ್ತು ಮಿತಿಗಳು

2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ ಇದ್ದರು. ಜನರಿಗೆ ಯೋಗ ತಲುಪಿಸುವ ಕಾರ್ಯಕ್ರಮಗಳೂ ಇವೆ. ಅಂತರರಾಷ್ಟ್ರೀಯ ಯೋಗ ದಿನ 2015ರಿಂದ ಪ್ರತಿವರ್ಷ ಜೂನ್ 21ರಂದು ನಡೆಯುತ್ತಿದೆ. 2022ರ ರಾಷ್ಟ್ರೀಯ ಸಮಾರಂಭ ಮೈಸೂರು ಅರಮನೆಯ ಆವರಣದಲ್ಲಿ ನಡೆಯಿತು. ಆಯುಷ್ ಸಚಿವಾಲಯವು ಕಚೇರಿ ನೌಕರರಿಗಾಗಿ ‘ವೈ-ಬ್ರೇಕ್’ ಎಂಬ ಐದು ನಿಮಿಷದ ಕ್ರಮ ರೂಪಿಸಿದೆ. ಆದರೆ ಮೈದಾನದಲ್ಲಿ ಚಾಪೆ ಹಾಸಿ ನಡೆಸುವ ಕಾರ್ಯಕ್ರಮಕ್ಕೆ ನೆಲಕ್ಕಿಳಿಯಲಾಗದವರು ಬರುವುದಿಲ್ಲ, ಕಚೇರಿಯ ಕ್ರಮ ಹೊಲದಲ್ಲಿ ದುಡಿದ ಮೈಗೆ ಹೊಂದುವುದಿಲ್ಲ. ಹಳ್ಳಿಗಳಿಗೆ ಹತ್ತಿರದ ದಾರಿ ಎಂದರೆ ಆಯುಷ್ಮಾನ್ ಆರೋಗ್ಯ ಮಂದಿರಗಳು. 2018ರಲ್ಲಿ ಕ್ಷೇಮ ಕೇಂದ್ರಗಳಾಗಿ ಶುರುವಾದ ಇವುಗಳ ಕೆಲಸದಲ್ಲಿ ಯೋಗವೂ ಸೇರಿದೆ. ರಕ್ತದೊತ್ತಡ, ಸಕ್ಕರೆ ತಪಾಸಣೆಗೆ ಹಿರಿಯರು ಹೇಗೂ ಅಲ್ಲಿಗೆ ಬರುತ್ತಾರೆ.

ಕುರ್ಚಿ ಯೋಗದ ಮೇಲಿರುವ ಮುಖ್ಯ ಟೀಕೆ, ಅದು ಹಿರಿಯರನ್ನು ಇನ್ನಷ್ಟು ಕೂರುವಂತೆ ಮಾಡುತ್ತದೆ ಎಂಬುದು. ವರ್ಷಗಟ್ಟಲೆ ಕುತ್ತಿಗೆ, ಕೈ ಆಡಿಸುವುದರಲ್ಲೇ ನಿಂತ ತರಗತಿಗಳಿಗೆ ಈ ಟೀಕೆ ಸಲ್ಲುತ್ತದೆ. ಒಳ್ಳೆಯ ಪಾಠಕ್ರಮದಲ್ಲಿ ಮೆಟ್ಟಿಲುಗಳಿರುತ್ತವೆ: ಮೊದಲು ಕುಳಿತ ಚಲನೆ, ನಂತರ ಕೈಯೂರಿ ಏಳುವುದು, ಕೈಯೂರದೆ ಏಳುವುದು, ಕುರ್ಚಿ ಹಿಡಿದು ನಿಲ್ಲುವುದು, ಕೊನೆಗೆ ಸಾಧ್ಯವಿದ್ದವರಿಗೆ ಕುರ್ಚಿಯ ಆಸನದ ಮೇಲೆ ಕೈಯಿಟ್ಟು ಒಂದು ಮೊಣಕಾಲೂರಿ ನೆಲಕ್ಕೆ ಇಳಿದು ಏಳುವುದು. ಬಿದ್ದವರು ಸ್ವಂತವಾಗಿ ಏಳಲು ಕಲಿಯುವುದೂ ಈ ಕೊನೆಯ ಮೆಟ್ಟಿಲಿನಲ್ಲೇ. ಎಲ್ಲರೂ ಎಲ್ಲ ಮೆಟ್ಟಿಲನ್ನು ಹತ್ತಲಾರರು. ಗಾಲಿಕುರ್ಚಿಯಲ್ಲೇ ಬಾಳುವವರಿಗೆ ಮೊದಲ ಮೆಟ್ಟಿಲೇ ಪೂರ್ಣ ಅಭ್ಯಾಸ, ಭುಜದ ಬಲ ಮತ್ತು ಉಸಿರಿನ ಸಲೀಸು ಅವರ ಅಳತೆ. ಉಳಿದವರ ವಿಷಯದಲ್ಲಿ, ಮೂರು ತಿಂಗಳಾದರೂ ಏಳುವ ಎಣಿಕೆ ಒಂದೂ ಹೆಚ್ಚದಿದ್ದರೆ ಶಿಕ್ಷಕರು ಕ್ರಮವನ್ನು ಬದಲಿಸಬೇಕು, ಅಥವಾ ಅವರನ್ನು ಭೌತಚಿಕಿತ್ಸಕರ ಬಳಿಗೆ ಕಳಿಸಬೇಕು.